ಮಾಫಿ ಸಾಕ್ಷಿಯ ಕಥೆ: ಸೂಟಿಯ ಓದಿಗೆ ಸಿಕ್ಕ ಠಕ್ಕರು

ನಮ್ಮ ಅನಂತಪುರದ ಕಡೆ ರಜೆಗೆ ಸೂಟಿ ಅನ್ನುತ್ತೇವೆ. ಸೂಟಿಯ ಓದು ಎಂದರೆ ಇಂಥದ್ದೇ ಎಂದು ಯಾರೂ ಗೆರೆ ಎಳೆದಿಲ್ಲ. ಆದರೂ ಅದರ ಲಕ್ಷಣ ಎಲ್ಲರಿಗೂ ಗೊತ್ತು. ಓಟ ಜೋರಾಗಿರಬೇಕು, ಮೊದಲ ಹತ್ತು ಪುಟದೊಳಗೆ ಒಂದು ಹೆಣ ಬೀಳಬೇಕು, ಊಟಕ್ಕೆ ಕರೆದರೂ ಏಳಲು ಮನಸ್ಸಾಗಬಾರದು, ಮುಗಿದ ಮೇಲೆ ತಲೆಯಲ್ಲಿ ಭಾರ ಉಳಿಯಬಾರದು. ಕನ್ನಡದಲ್ಲಿ ಈ ಹಸಿವನ್ನು ಬಹುಕಾಲ ತಣಿಸಿದವರು ಎನ್. ನರಸಿಂಹಯ್ಯ. ನಾಲ್ಕನೆಯ ತರಗತಿಯವರೆಗೆ ಓದಿದ್ದ ಅವರು ಸುಮಾರು ಐದು ನೂರು ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಅವರ ಪತ್ತೇದಾರರು ಬಾಡಿಗೆ ಪುಸ್ತಕದ ಅಂಗಡಿಗಳ ಮೂಲಕ ಮನೆಮನೆ ಸೇರಿದರು. ಕನ್ನಡಕ್ಕೆ ಹೊಸ ಓದುಗರನ್ನು ತಂದವರ ಪಟ್ಟಿಯಲ್ಲಿ ಅವರ ಹೆಸರು ಮೇಲೆಯೇ ಇರಬೇಕು.

ಇಂಗ್ಲಿಷಿನಲ್ಲಿ ಇದೇ ಜಾತಿಯ ಓದಿಗೆ ಒಂದು ವಿಶೇಷ ಕವಲಿದೆ. ಅಲ್ಲಿ ತನಿಖೆ ಮಾಡುವವನು ಪೊಲೀಸನೂ ಅಲ್ಲ, ಖಾಸಗಿ ಪತ್ತೇದಾರನೂ ಅಲ್ಲ, ಸೈನ್ಯದವನು. ನೆಲ್ಸನ್ ಡಿಮಿಲ್ 1992ರಲ್ಲಿ ಬರೆದ ‘ದ ಜನರಲ್ಸ್ ಡಾಟರ್’ ಕಾದಂಬರಿಯ ಪಾಲ್ ಬ್ರೆನರ್ ಅಮೆರಿಕದ ಸೈನ್ಯದ ಅಪರಾಧ ತನಿಖಾ ವಿಭಾಗದವನು. 1997ರಲ್ಲಿ ‘ಕಿಲ್ಲಿಂಗ್ ಫ್ಲೋರ್’ ಮೂಲಕ ಬಂದ ಲೀ ಚೈಲ್ಡ್‌ನ ಜ್ಯಾಕ್ ರೀಚರ್ ಮಿಲಿಟರಿ ಪೊಲೀಸ್ ಬಿಟ್ಟುಬಂದ ಮೇಜರ್. ಇಂಥವನು ಎಲ್ಲಿಂದಲೋ ಬರುತ್ತಾನೆ. ಊರಿನವನಲ್ಲ, ಆದ್ದರಿಂದ ಯಾರ ಮುಲಾಜೂ ಇಲ್ಲ. ಊರು ಮುಚ್ಚಿಟ್ಟದ್ದನ್ನು ತೆರೆದು, ತಪ್ಪಿತಸ್ಥರಿಗೆ ಶಿಕ್ಷೆ ಕೊಡಿಸಿ, ಹೊರಟುಹೋಗುತ್ತಾನೆ. ಮುನ್ನೂರು ನಾನೂರು ಪುಟ ಎರಡು ಮಧ್ಯಾಹ್ನದಲ್ಲಿ ಮುಗಿಯುತ್ತವೆ.

ಈ ಸೈನಿಕ ತನಿಖೆಗಾರನ ಹಳೆಯ ಮನೆತನ ಹುಡುಕುತ್ತ ಹೋದರೆ, ನಮ್ಮ ಅಥಣಿಯಿಂದ ವಿಜಯಪುರ ದಾಟಿ ಕೃಷ್ಣಾ ಭೀಮಾ ನಡುವಿನ ಸುರಪುರದವರೆಗೆ ಬಂದು ನಿಲ್ಲಬೇಕಾಗುತ್ತದೆ. ಅಲ್ಲಿ ಆಡಳಿತ ನಡೆಸಿದ, ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಬಂಗಲೆಯ ಹೆಸರಿನಲ್ಲಿ ಇಂದಿಗೂ ಉಳಿದಿರುವ ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳ ಒಂದು ಕಾದಂಬರಿ ಪ್ರಕಟಿಸಿದ: ‘ಕನ್ಫೆಷನ್ಸ್ ಆಫ್ ಎ ಥಗ್’, ಎಂದರೆ ಠಕ್ಕನೊಬ್ಬನ ತಪ್ಪೊಪ್ಪಿಗೆ. ಅದು ಆ ಕಾಲದ ಸೂಟಿಯ ಓದು. ಅಚ್ಚಿನ ಕರಡು ಹಾಳೆಗಳು ತಿದ್ದಿ ಬಂದ ಹಾಗೆ ಹಾಗೇ ತನಗೆ ಕಳಿಸಬೇಕೆಂದು ವಿಕ್ಟೋರಿಯಾ ರಾಣಿ ಕೇಳಿದಳಂತೆ. ಪುಸ್ತಕ ಹೊರಬರುವವರೆಗೆ ಕಾಯುವಷ್ಟು ತಾಳ್ಮೆ ಅವಳಿಗಿರಲಿಲ್ಲ ಎಂದು ಟೇಲರ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲ್‌ನಲ್ಲಿ. ಹದಿನೈದರ ಹುಡುಗ ಮುಂಬಯಿಯ ಒಬ್ಬ ವ್ಯಾಪಾರಿಯ ಕೈಕೆಳಗೆ ಕೆಲಸಕ್ಕೆಂದು 1824ರಲ್ಲಿ ಹಡಗು ಇಳಿದ. ನೋಡಿದರೆ ಆ ವ್ಯಾಪಾರವೇ ಮುಳುಗುವ ಸ್ಥಿತಿಯಲ್ಲಿತ್ತು. ಬಂಧುವೊಬ್ಬನ ಪ್ರಭಾವದಿಂದ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಹುದ್ದೆ ಸಿಕ್ಕಿತು. ಹುಡುಗ ಚುರುಕು, ಪರ್ಷಿಯನ್, ಹಿಂದುಸ್ತಾನಿ, ಮರಾಠಿ ಕಲಿತ. ಇಪ್ಪತ್ತು ತುಂಬುವ ಮೊದಲೇ ನಿಜಾಮನ ರಾಜ್ಯದ ನೈರುತ್ಯ ಭಾಗಕ್ಕೆ ಸಹಾಯಕ ಪೊಲೀಸ್ ಅಧಿಕಾರಿಯಾದ. ನಮ್ಮ ಕಡೆಯ ಭಕ್ತರು ಅಂಬಾಭವಾನಿಗೆ ನಡೆದುಹೋಗುವ ತುಳಜಾಪುರದ ಸೀಮೆ ಅದು.

ದಾರಿಯ ಪಕ್ಕ ಹೂತ ಹೆಣಗಳು ಸಿಗುತ್ತಿವೆ, ಹೊರಟ ಪ್ರಯಾಣಿಕರು ಮುಟ್ಟಬೇಕಾದ ಊರು ಮುಟ್ಟುತ್ತಿಲ್ಲ ಎಂಬ ಸುದ್ದಿಗಳು ಆತನ ಕಿವಿಗೆ ಬಿದ್ದವು. ತನಿಖೆಗೆ ಇಳಿಯಬೇಕೆನ್ನುವಷ್ಟರಲ್ಲಿ ರೆಜಿಮೆಂಟಿಗೆ ಮರಳುವಂತೆ ಆದೇಶ ಬಂತು. ಅಲ್ಲಿಯೇ ಇರಲು ಬಿಟ್ಟಿದ್ದರೆ ಠಕ್ಕರ ಜಾಲವನ್ನು ಜಗತ್ತಿಗೆ ಮೊದಲು ತೋರಿಸಿದವನು ತಾನಾಗುತ್ತಿದ್ದೆ ಎಂಬ ಕೊರಗು ಆತ್ಮಕಥೆಯಲ್ಲಿದೆ. ಆ ಕೀರ್ತಿ ಹೋದದ್ದು ಬಂಗಾಳ ಸೈನ್ಯದ ಇನ್ನೊಬ್ಬ ಅಧಿಕಾರಿ ವಿಲಿಯಂ ಸ್ಲೀಮನ್‌ಗೆ. ಸಾಗರ, ಜಬಲ್ಪುರಗಳಲ್ಲಿ ಕುಳಿತು ಸ್ಲೀಮನ್ ಹಿಡಿದ ಠಕ್ಕರನ್ನೇ ಮಾತಾಡಿಸಿ, ಅವರ ವಂಶವೃಕ್ಷ ಬರೆಸಿ, ‘ರಾಮಸಿ’ ಎಂಬ ಅವರ ಗುಟ್ಟಿನ ಭಾಷೆಯ ಪದಕೋಶವನ್ನೇ 1836ರಲ್ಲಿ ಅಚ್ಚು ಹಾಕಿಸಿದ. ಕೇಸು ಕೈತಪ್ಪಿದ ಟೇಲರ್ ಕಾದಂಬರಿ ಬರೆದ.

ಕಾದಂಬರಿಯ ಕಟ್ಟು ಇಂದಿಗೂ ಬೆರಗು ಹುಟ್ಟಿಸುತ್ತದೆ. ಅಮೀರ್ ಅಲಿ ಎಂಬ ಕೈದಿ ಕುಳಿತು ತನ್ನ ಕಥೆ ಹೇಳುತ್ತಾನೆ. ಎದುರಿಗೆ ಒಬ್ಬ ಸಾಹೇಬ ಕುಳಿತು ಕೇಳುತ್ತಾನೆ, ಬರೆದುಕೊಳ್ಳುತ್ತಾನೆ. ಸಾಹೇಬನ ಮಾತು ಕಡಿಮೆ. ತನಿಖೆಗಾರ ಓಡಾಡುವುದಿಲ್ಲ, ಬಾಗಿಲು ಒದೆಯುವುದಿಲ್ಲ. ಕೂತಲ್ಲೇ ಅಪರಾಧ ನಡೆದುಬರುತ್ತದೆ. ಇಂಥ ಒಬ್ಬ ಮನುಷ್ಯನನ್ನು ತಾನು 1832ರಲ್ಲಿ ನಿಜವಾಗಿ ನೋಡಿದ್ದೆ, ಆತ 719 ಕೊಲೆಗಳಲ್ಲಿ ನೇರ ಪಾಲುಗೊಂಡಿದ್ದನೆಂದು ಒಪ್ಪಿಕೊಂಡಿದ್ದ ಎಂದು ಟೇಲರ್ ಪೀಠಿಕೆಯಲ್ಲಿ ಹೇಳುತ್ತಾನೆ.

ಓಟದ ಗುಟ್ಟು ದಾರಿಯಲ್ಲಿದೆ. ರೈಲಿಲ್ಲದ ಕಾಲ. ದೂರದೂರಿಗೆ ಹೋಗುವವರು ಜೊತೆ ಹುಡುಕುತ್ತಾರೆ. ಠಕ್ಕರ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ: ಸಿಹಿ ಮಾತಾಡಿ ಪ್ರಯಾಣಿಕರನ್ನು ಜೊತೆಗೆ ಸೇರಿಸಿಕೊಳ್ಳುವವನು ಸೋಥಾ, ರುಮಾಲಿನಿಂದ ಕತ್ತು ಬಿಗಿಯುವವನು ಭುರ್ತೋತ್, ಮೊದಲೇ ಹೋಗಿ ಗುಂಡಿ ತೋಡಿಡುವವನು ಲುಘಾ. ಸಂಜೆ ಡೇರೆ ಬಿದ್ದು, ಹಾಡು ಹರಟೆ ನಡೆದು, ತಂಬಾಕು ತಾ ಎಂಬ ಒಂದು ಸಾದಾ ಮಾತು ಬೀಳುತ್ತದೆ. ಅದೇ ಸನ್ನೆ. ಓದುಗನಿಗೆ ಸನ್ನೆ ಗೊತ್ತು, ಪ್ರಯಾಣಿಕನಿಗೆ ಗೊತ್ತಿಲ್ಲ. ಹೊಸ ಪ್ರಯಾಣಿಕ ಪುಟದೊಳಗೆ ಕಾಲಿಟ್ಟ ಕೂಡಲೇ ನಮ್ಮ ಎದೆ ಹೊಡೆದುಕೊಳ್ಳತೊಡಗುತ್ತದೆ. ಬೇಸರವೆಂದರೆ, ನಾಲ್ಕಾರು ಕೊಲೆ ಕಳೆದ ಮೇಲೆ ನಾವು ಸನ್ನೆಗಾಗಿ ಕಾಯಲು ಶುರುಮಾಡುತ್ತೇವೆ.

ಅಮೀರ್ ಅಲಿ ಹುಟ್ಟು ಠಕ್ಕನಲ್ಲ. ಮಗುವಾಗಿದ್ದಾಗ ಅವನ ತಂದೆತಾಯಿಯನ್ನು ಠಕ್ಕರು ಕೊಂದಿರುತ್ತಾರೆ. ಕೊಂದವರ ಮುಖಂಡ ಇಸ್ಮಾಯಿಲನೇ ಅವನನ್ನು ಮಗನಂತೆ ಸಾಕುತ್ತಾನೆ. ಮುಂದೆ ತಾನು ಉಸಿರುಗಟ್ಟಿಸಿದ ಹೆಣ್ಣೊಬ್ಬಳು ತನ್ನ ಸ್ವಂತ ತಂಗಿಯೆಂದು ಅವಳ ಕೊರಳ ತಾಯಿತದ ನಾಣ್ಯದಿಂದ ಅವನಿಗೆ ತಿಳಿಯುತ್ತದೆ. ಅಂದರೆ ಟೇಲರ್‌ನ ಕಥೆಯೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ಈತ ರಕ್ತದಿಂದ ಕೊಲೆಗಾರನಾದವನಲ್ಲ, ಸಾಕಿದ ಮನೆಯಿಂದ ಆದವನು. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ಇಂಗ್ಲಿಷ್ ಪತ್ತೇದಾರಿ ಸಾಹಿತ್ಯಕ್ಕೂ ನಮ್ಮ ನೆಲಕ್ಕೂ ಇರುವ ಸಂಬಂಧ ಇಷ್ಟರಲ್ಲೇ ಮುಗಿಯುವುದಿಲ್ಲ. 1868ರಲ್ಲಿ ಬಂದ ವಿಲ್ಕಿ ಕಾಲಿನ್ಸ್‌ನ ‘ದ ಮೂನ್‌ಸ್ಟೋನ್’ ಆಧುನಿಕ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಮೊದಲನೆಯದು ಎಂದು ಟಿ.ಎಸ್. ಎಲಿಯಟ್ ಹೊಗಳಿದ. ಅದರ ಮೊದಲ ಅಪರಾಧ ನಡೆಯುವುದು ಲಂಡನ್ನಿನಲ್ಲಿ ಅಲ್ಲ, 1799ರಲ್ಲಿ ಕೋಟೆ ಬಿದ್ದ ಶ್ರೀರಂಗಪಟ್ಟಣದಲ್ಲಿ. ಕೊಲೆ ಮಾಡಿ ವಜ್ರ ಕದಿಯುವವನು ಇಂಗ್ಲಿಷ್ ಸೈನ್ಯಾಧಿಕಾರಿ. ಅದೇ ಕೋಟೆ ಬಿದ್ದ ಸ್ವಲ್ಪ ಸಮಯದಲ್ಲೇ ಬೆಂಗಳೂರಿನ ಸುತ್ತ ಸುಮಾರು ನೂರು ಮಂದಿ ಉರುಲುಗಾರರನ್ನು ಹಿಡಿದರೆಂಬ ದಾಖಲೆಯಿದೆ. ದಕ್ಷಿಣದಲ್ಲಿ ಅವರನ್ನು ಫಾಂಸಿಗಾರರು ಎನ್ನುತ್ತಿದ್ದರು. ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಅವರ ಬಗ್ಗೆ ಬರೆದ ಲೇಖನದಲ್ಲಿ ಕನ್ನಡದ ಹೆಸರನ್ನೂ ದಾಖಲಿಸಿದ್ದಾನೆ: ತಂತಿ ಕಳ್ಳರು. ತಂತಿಯ ಕುಣಿಕೆ ಹಾಕುವ ಕಳ್ಳರು ಎಂದರ್ಥ. ಗಮನಿಸಬೇಕಾದದ್ದು ಇಷ್ಟೇ: ನಮ್ಮ ಜನ ಇಟ್ಟ ಹೆಸರಿನಲ್ಲಿ ಒಂದು ಉಪಕರಣವಿದೆ, ಒಂದು ಕಸುಬಿದೆ. ಒಂದು ಧರ್ಮವೂ ಇಲ್ಲ, ಒಂದು ಕುಲವೂ ಇಲ್ಲ.

ಕುಲ ಸೇರಿಕೊಂಡದ್ದು ತನಿಖೆಯ ವಿಧಾನದಿಂದ. ಠಕ್ಕರು ಕೊಂದವರನ್ನು ಹೂಳುತ್ತಿದ್ದರು, ಸಾಕ್ಷಿ ಉಳಿಸುತ್ತಿರಲಿಲ್ಲ. ಆದ್ದರಿಂದ ಸ್ಲೀಮನ್ ಹಿಡಿದ ದಾರಿ ಮಾಫಿ ಸಾಕ್ಷಿಯದು. ಸಿಕ್ಕಿಬಿದ್ದವನು ತನ್ನ ಜೊತೆಗಾರರ ಹೆಸರು ಹೇಳಿದರೆ ಪ್ರಾಣ ಉಳಿಯುತ್ತದೆ. ಹೇಳಿದಷ್ಟು ಹೆಸರು, ಕೊಟ್ಟಷ್ಟು ಕಥೆ, ಅಷ್ಟು ಬೆಲೆ. ಹೂತ ಜಾಗ ತೋರಿಸಿ ಎಲುಬು ತೆಗೆಸಿಕೊಟ್ಟ ಮಾಫಿ ಸಾಕ್ಷಿಗಳಿದ್ದರು. ಒಬ್ಬರನ್ನೊಬ್ಬರು ಬೇರೆ ಬೇರೆಯಾಗಿ ಗುರುತಿಸಿದ ಪ್ರಕರಣಗಳೂ ಇದ್ದವು. ಎಲ್ಲವೂ ಕಟ್ಟುಕಥೆಯಲ್ಲ. ಆದರೆ ಜೀವ ಉಳಿಸಿಕೊಳ್ಳಲು ಕಥೆ ಹೇಳುವವನು ಕೇಳುಗನಿಗೆ ಬೇಕಾದ ಕಥೆಯನ್ನೇ ಹೇಳುವ ಅಪಾಯ ಸದಾ ಇರುತ್ತದೆ. ಕೇಳುವ ಸಾಹೇಬನಿಗೆ ಬೇಕಿದ್ದದ್ದು ದೇಶವ್ಯಾಪಿ ಜಾಲ, ಭವಾನಿಯ ಹೆಸರಿನಲ್ಲಿ ನಡೆಯುವ ಗುಪ್ತ ಪಂಥ, ತಂದೆಯಿಂದ ಮಗನಿಗೆ ಇಳಿದು ಬರುವ ಕೊಲೆಗಾರಿಕೆ.

1836ರಲ್ಲಿ ಬಂದ 30ನೇ ಕಾಯ್ದೆ ಈ ನಂಬಿಕೆಗೆ ಮುದ್ರೆ ಒತ್ತಿತು. ಇಂಥ ದಿನ, ಇಂಥ ಕಡೆ, ಇಂಥವನನ್ನು ಕೊಂದ ಎಂದು ರುಜುವಾತು ಮಾಡುವ ಅಗತ್ಯ ಉಳಿಯಲಿಲ್ಲ. ಠಕ್ಕರ ಯಾವುದೋ ಗುಂಪಿಗೆ ಸೇರಿದ್ದನೆಂದು ಸಾಬೀತಾದರೆ ಸಾಕು, ಜೀವಾವಧಿ ಕಠಿಣ ಶಿಕ್ಷೆ. 1831ರಿಂದ 1837ರವರೆಗೆ 3,266 ಮಂದಿ ಸಿಕ್ಕಿಬಿದ್ದರು. ಅವರಲ್ಲಿ 412 ಮಂದಿಯನ್ನು ಗಲ್ಲಿಗೇರಿಸಿದರು, 483 ಮಂದಿ ಮಾಫಿ ಸಾಕ್ಷಿಗಳಾದರು, ಉಳಿದವರು ಗಡೀಪಾರು ಇಲ್ಲವೇ ಜೀವಾವಧಿ ಸೆರೆಗೆ ಹೋದರು. ಆ ಸಂಖ್ಯೆಯಲ್ಲಿ ಕೊಲೆಗಾರರೆಷ್ಟು, ಹಳೆಯ ಹಗೆಗೆ ಹೆಸರು ಹೇಳಿಸಿಕೊಂಡ ಬಡಪಾಯಿಗಳೆಷ್ಟು ಎಂದು ಬಿಡಿಸಲು ಆ ಕಾಯ್ದೆಯ ಪ್ರಕಾರ ಬೇಕಾಗಿಯೇ ಇರಲಿಲ್ಲ.

ಇತಿಹಾಸಕಾರರಲ್ಲಿ ಇಂದಿಗೂ ಇದರ ಬಗ್ಗೆ ವಾದವಿದೆ. ಠಕ್ಕರೆಂಬವರೇ ಇರಲಿಲ್ಲ, ಅದು ವಸಾಹತುಶಾಹಿಯ ಕಲ್ಪನೆ ಎಂಬುದು ಒಂದು ತುದಿ. ಸ್ಲೀಮನ್ ಬರೆದದ್ದೆಲ್ಲ ಅಕ್ಷರಶಃ ಸತ್ಯ ಎಂಬುದು ಇನ್ನೊಂದು. ಕಿಮ್ ವ್ಯಾಗ್ನರ್ 2007ರ ತನ್ನ ಪುಸ್ತಕದಲ್ಲಿ ನಡುವಿನ ದಾರಿ ಹಿಡಿದ: ದಾರಿಯ ಕೊಲೆಗಾರರು ನಿಜವಾಗಿ ಇದ್ದರು, ಕೆಲಸ ತಪ್ಪಿದ ಸೈನಿಕರು, ಬರಗಾಲದಲ್ಲಿ ದಾರಿಗಿಳಿದವರು, ಜಮೀನುದಾರರ ಆಶ್ರಯದಲ್ಲಿದ್ದವರು, ಅವರನ್ನೆಲ್ಲ ಒಂದೇ ವಿಚಿತ್ರ ಪಂಥವಾಗಿ ಕಟ್ಟಿದ್ದು ಬ್ರಿಟಿಷರ ದಫ್ತರ. ನನಗೆ ಈ ವಾದ ಸರಿಯೆನಿಸುತ್ತದೆ. ಶೆರ್ವುಡ್ ಬರೆದಿಟ್ಟ ಕನ್ನಡದ ಹೆಸರೂ ಇದರ ಕಡೆಗೇ ವಾಲುತ್ತದೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಠಕ್ಕರು ವಿದ್ವಾಂಸರ ಚರ್ಚೆಯಾಗಿ ಉಳಿಯುತ್ತಿದ್ದರು. ಮುಗಿಯಲಿಲ್ಲ. ಠಕ್ಕರಿಗಾಗಿ ಹುಟ್ಟಿದ ಇಲಾಖೆ ಠಕ್ಕರು ಮುಗಿದ ಮೇಲೂ ಮುಚ್ಚಲಿಲ್ಲ; ಡಕಾಯಿತರನ್ನೂ ಸೇರಿಸಿಕೊಂಡು 1904ರವರೆಗೆ ಬದುಕಿತು. ಲಾರ್ಡ್ ಕರ್ಜನ್ ಅದರ ಜಾಗದಲ್ಲಿ ಕೇಂದ್ರ ಅಪರಾಧ ಗುಪ್ತಚರ ಇಲಾಖೆ ತಂದ. ಅದಕ್ಕಿಂತ ಉದ್ದವಾಗಿ ಬದುಕಿದ್ದು ಆ ಇಲಾಖೆಯ ಯೋಚನೆ. ನೇಕಾರನ ಮಗ ನೇಕಾರನಾಗುವ, ಬಡಗಿಯ ಮಗ ಬಡಗಿಯಾಗುವ ಈ ದೇಶದಲ್ಲಿ ಕಳ್ಳನ ಮಗ ಕಳ್ಳನೇ ಆಗುತ್ತಾನೆಂಬ ತರ್ಕದ ಮೇಲೆ 1871ರಲ್ಲಿ ‘ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್’ ಬಂತು. ಮೊದಲು ಉತ್ತರ ಭಾರತಕ್ಕೆ. 1911ರ ಕಾಯ್ದೆಯಿಂದ ಮುಂಬಯಿ, ಮದರಾಸು ಪ್ರಾಂತಗಳಿಗೂ. ಆಗ ನಮ್ಮ ಅಥಣಿ, ಚಿಕ್ಕೋಡಿ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಒಂದು ಸಮುದಾಯವನ್ನು ಪಟ್ಟಿಗೆ ಸೇರಿಸಿದರೆ ಅದರಲ್ಲಿ ಹುಟ್ಟಿದವರ ಹೆಸರು ಪೊಲೀಸ್ ದಫ್ತರಿಗೆ ಏರುತ್ತಿತ್ತು. ಹಾಜರಿ ಹೇಳಬೇಕು, ಊರು ಬಿಡಲು ಚೀಟಿ ಬೇಕು, ಬೆರಳಚ್ಚು ಕೊಡಬೇಕು. ಅಪರಾಧ ಮಾಡಿರಬೇಕೆಂದೇನೂ ಇಲ್ಲ.

ವಿಜಯಪುರದಲ್ಲಿ ಓ.ಎಚ್.ಬಿ. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ಇಂಥವರಿಗಾಗಿ ವಸತಿ ಆರಂಭಿಸಿದ. ಬಳಿಕ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಗಿರಣಿ, ಕಾರ್ಖಾನೆಗಳಿಗೆ ಹತ್ತಿರವಾಗಿ ‘ಸೆಟ್ಲ್‌ಮೆಂಟ್’ಗಳು ಎದ್ದವು. ಶಾಲೆ ಇತ್ತು, ಕೆಲಸ ಇತ್ತು, ಸುತ್ತ ಕಾವಲೂ ಇತ್ತು. ಅಲ್ಲಿ ತಂದು ಕೂಡಿಸಿದವರಲ್ಲಿ ಹರಣಶಿಕಾರಿಗಳಿದ್ದರು, ಗಂಟಿಚೋರರಿದ್ದರು. ಒಂದು ಸಮುದಾಯದ ಹೆಸರಿನ ಕೊನೆಗೇ ‘ಚೋರ’ ಅಂಟಿಕೊಂಡಿರುವುದನ್ನು ನೋಡಿ. ಪರಿಶಿಷ್ಟ ಜಾತಿಗಳ ಸರಕಾರಿ ಪಟ್ಟಿಯಲ್ಲಿ ಆ ಹೆಸರು ಇಂದಿಗೂ ಹಾಗೇ ಇದೆ. ಅವರ ಮನೆಯ ಮಗು ಶಾಲೆಗೆ ಸೇರುವಾಗ, ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಬರೆಯುವಾಗ ಅದೇ ಶಬ್ದ ಬರೆಯಬೇಕು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ರಂದು, ಕಾಯ್ದೆ ರದ್ದಾಯಿತು. ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸುತ್ತಾರೆ. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎಂಬ ಹೆಸರು ಮಾತ್ರ ಬಡಾವಣೆಯ ಹೆಸರಾಗಿ ಉಳಿದಿದೆ.

ಒಂದು ಕಾದಂಬರಿ ಇಷ್ಟೆಲ್ಲ ಮಾಡಿತು ಎಂದು ನಾನು ಹೇಳುತ್ತಿಲ್ಲ. ಕಾಯ್ದೆ ಮಾಡುವವರಿಗೆ ಸ್ಲೀಮನ್ನನ ಕಡತಗಳಿದ್ದವು, ಅಧಿಕಾರವಿತ್ತು, ಭಯವಿತ್ತು. ಆದರೆ ಓದುವ ಇಂಗ್ಲೆಂಡಿನ ಮನಸ್ಸಿಗೆ ಆ ಭಯವನ್ನು ರುಚಿಕಟ್ಟಾಗಿ ಬಡಿಸಿದ ಮುಖ್ಯ ಪುಸ್ತಕ ಟೇಲರ್‌ನದು. ಅಮೀರ್ ಅಲಿ ಸಾಕಿದ ಮನೆಯಿಂದ ಠಕ್ಕನಾದವನು ಎಂಬ ಕಥೆಯ ಒಳಮಾತನ್ನು ಓದುಗರು ಮರೆತರು. 719 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಂಡರು. ವೇಗದ ಓದಿನಲ್ಲಿ ಉಳಿಯುವುದು ಸಂಖ್ಯೆಯೇ.

ಟೇಲರ್‌ನ ಬದುಕಿನಲ್ಲಿ ಇನ್ನೊಂದು ತಪ್ಪೊಪ್ಪಿಗೆಯ ಪ್ರಸಂಗವಿದೆ. ಅದನ್ನು ಓದದೆ ಈ ಕಾದಂಬರಿಯ ಓದು ಪೂರ್ತಿಯಾಗುವುದಿಲ್ಲ. 1840ರ ದಶಕದ ಆರಂಭದಲ್ಲಿ ಆತನನ್ನು ಸುರಪುರಕ್ಕೆ ಕಳಿಸಿದರು. ಅರಸ ಚಿಕ್ಕ ಹುಡುಗ, ರಾಣಿ ಈಶ್ವರಮ್ಮನ ಜೊತೆ ಜಗ್ಗಾಟ, ಖಜಾನೆ ಬರಿದು. 1853ರವರೆಗೆ ಆತ ಆ ಸಂಸ್ಥಾನದ ಆಡಳಿತ ನೋಡಿಕೊಂಡ. ಬಾಲಕ ವೆಂಕಟಪ್ಪ ನಾಯಕನನ್ನು ಕಣ್ಣೆದುರಿಗೆ ಬೆಳೆಸಿದ. ಹುಡುಗ ಆತನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. 1858ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಯಾದ.

ಟೇಲರ್ ಸೆರೆಮನೆಗೆ ಹೋಗಿ ಭೇಟಿಯಾದ. ಪ್ರಚೋದಿಸಿದವರು ಯಾರೆಂದು ಹೆಸರು ಹೇಳಿದರೆ ದಯೆ ದೊರೆಯಬಹುದಿತ್ತು. ಅಂದರೆ ಅಮೀರ್ ಅಲಿಯ ಮುಂದಿದ್ದ ಬಾಗಿಲೇ ಈ ತರುಣನ ಮುಂದೆಯೂ ತೆರೆದಿತ್ತು. ಕೇಳುವವನೂ ಅದೇ ಸಾಹೇಬ. ಆತ ಹೆಸರು ಹೇಳಲಿಲ್ಲ. ಹೇಡಿಯಾಗಿ ಬದುಕನ್ನು ಬೇಡಲೂ ಒಪ್ಪಲಿಲ್ಲ. ಮೊದಲು ಮರಣದಂಡನೆಯಾಗಿ, ಆಮೇಲೆ ಇಳಿದು, ಕೊನೆಗೆ ಗವರ್ನರ್ ಜನರಲ್ ಅದನ್ನು ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಗಿ ಮಾಡಿದ. ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಡೇರೆಯೊಳಗೆ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ವೆಂಕಟಪ್ಪ ನಾಯಕ ಸತ್ತ. ಆತ್ಮಹತ್ಯೆಯೋ ಆಕಸ್ಮಿಕವೋ ಎಂಬುದು ತೀರ್ಮಾನವಾಗಲಿಲ್ಲ. ನೂರಾರು ಕೊಲೆಗಳ ಲೆಕ್ಕ ಬರೆದ ಲೇಖಕನಿಗೆ, ತನ್ನನ್ನು ಅಪ್ಪಾ ಎಂದು ಕರೆದವನ ಒಂದು ಸಾವಿನ ಲೆಕ್ಕ ಹತ್ತಲಿಲ್ಲ.

1877ರಲ್ಲಿ, ಟೇಲರ್ ತೀರಿಕೊಂಡ ಮರುವರ್ಷ, ಆತನ ಮಗಳು ಹೊರತಂದ ಆತ್ಮಕಥೆ ‘ದ ಸ್ಟೋರಿ ಆಫ್ ಮೈ ಲೈಫ್’ನಲ್ಲಿ ಈ ಪುಟಗಳಿವೆ. ಕಾದಂಬರಿಯಷ್ಟು ಓಟ ಅವಕ್ಕಿಲ್ಲ. ಅಲ್ಲಿ ಸಾಕ್ಷಿ ಬಾಯಿ ಬಿಡುವುದಿಲ್ಲ, ತನಿಖೆಗಾರ ಗೆಲ್ಲುವುದಿಲ್ಲ. ಥ್ರಿಲ್ಲರ್ ಆಗಲು ಬೇಕಾದ ಯಾವುದೂ ಅವುಗಳಲ್ಲಿ ಇಲ್ಲ, ಆದ್ದರಿಂದಲೇ ಅವು ನಂಬಿಕೆಗೆ ಹೆಚ್ಚು ಅರ್ಹ ಅನ್ನಿಸುತ್ತದೆ.

ಸೂಟಿಯಲ್ಲಿ ಥ್ರಿಲ್ಲರ್ ಓದಬೇಡಿ ಎಂದು ನಾನು ಹೇಳುವುದಿಲ್ಲ. ನಾನೂ ಓದುತ್ತೇನೆ, ಮುಂದೆಯೂ ಓದುವವನೇ. ವಿದ್ಯಾರ್ಥಿಗಳಿಗೆ ಹೇಳುವುದು ಒಂದೇ ಮಾತು. ಯಾವುದೇ ತನಿಖೆಯ ಕಥೆಯಲ್ಲಿ ಎಲ್ಲವನ್ನೂ ಬಿಡಿಸಿಡುವ ಒಬ್ಬ ಸಾಕ್ಷಿ ಸಿಕ್ಕಾಗ, ಆತನಿಗೆ ಈ ಕಥೆಯಿಂದ ಸಿಗುವುದೇನು ಎಂದು ಒಂದು ಕ್ಷಣ ಕೇಳಿಕೊಳ್ಳಿ. ಠಕ್ಕನ ತಪ್ಪೊಪ್ಪಿಗೆಯನ್ನು ಒಂದೇ ಗುಕ್ಕಿಗೆ ಓದಿ ಮುಗಿಸಿ. ಆಮೇಲೆ ಆತ್ಮಕಥೆಯ ಸುರಪುರದ ಭಾಗವನ್ನು ನಿಧಾನವಾಗಿ ಓದಿ. ಅದೂ ಮುಗಿದ ಮೇಲೆ 1871ರ ಕಾಯ್ದೆಯ ಪಠ್ಯ ಹುಡುಕಿ ನೋಡಿ. ಅದು ಉದ್ದವಿಲ್ಲ, ಭಾಷೆಯೂ ಕಠಿಣವಿಲ್ಲ. ಅದರಲ್ಲಿ ರುಮಾಲೂ ಇಲ್ಲ, ಸನ್ನೆಯೂ ಇಲ್ಲ, ಕೊಂದವನ ಹೆಸರೂ ಇಲ್ಲ. ಹೆಸರು ಬರೆದುಕೊಳ್ಳಲು ತೆರೆದಿಟ್ಟ ದಫ್ತರ ಮಾತ್ರ ಇದೆ.